ಶೇಂಗಾ ಬಾರದ ಕೂಸು

ನಿಜಾಮರ ಕಾಲ. ಕಲಬುರ್ಗಿಯ ಬಟ್ಟೆ ಗಿರಣಿಗೆ ಹೋಗುವ ಹೆಂಗಸರು ಪಾಳಿಯ ಭೋಂಗಾ ಶಿಳ್ಳೆ ಕೂಗುವ ಮುಂಚೆ ತಮ್ಮ ಕೂಸುಗಳನ್ನು ಮೋಮಿನಪುರದ ಅಂಚಿನ ಭಾಗಮ್ಮನ ಮನೆಯಲ್ಲಿ ಬಿಡುತ್ತಿದ್ದರು. ಮಗಳ ಬಾಣಂತನಕ್ಕೆಂದು ಭಾಗಮ್ಮ ಹೋಗಬೇಕಾಗಿ ಬಂದಾಗ ಕಮಲಾಪುರದಿಂದ ತಂಗಿ ದುಂಡಮ್ಮನನ್ನು ಕರೆಸಿದಳು. ದುಂಡಮ್ಮ ಒಂದು ಬುಟ್ಟಿ ಕೆಂಪು ಬಾಳೆಹಣ್ಣು ಹೊತ್ತು ಬಂದು ಇಳಿದಳು.

"ಮೂರು ಹುಡುಗರದಾವ," ಹೊರಡುವ ಮುಂಚೆ ಅಂದಿದ್ದಳು ಭಾಗಮ್ಮ. "ಹೆಸರು ಕೇಳಬ್ಯಾಡ, ಹೊಸಬರು ಬಂದ್ರ ಒಬ್ಬರ ಹೆಸರು ಒಬ್ಬರು ಹೇಳಿ ಆಟ ಆಡ್ತಾವ. ಮುಂಗೈ ದಾರ ನೋಡು. ಕೆಂಪು ದಾರದವಗ ಶೇಂಗಾ ಕೊಟ್ರ ಗಂಟಲು ಬಾತು ಉಸಿರೇ ಕಟ್ತದ. ಕರಿದಾರದವಗ ಹಾಲು ಆಗಂಗಿಲ್ಲ. ಹಸಿರಿನವಗ ಬದನಿಕಾಯಿ ತಿಂದ್ರ ಮೈ ಕಡೀತದ."

ಇಷ್ಟು ಸುಲಭವೇ ಅಂದುಕೊಂಡಳು ದುಂಡಮ್ಮ. ಆದರೆ ಮರುದಿನ ಬೆಳಗಾಗುವಷ್ಟರಲ್ಲಿ ಅಲಾಯಿ ಹಬ್ಬ, ಮೊಹರಂ, ಬಂದಿತ್ತು. ಹಿಂದೂ ಮುಸಲ್ಮಾನ ಅನ್ನದೆ ಓಣಿಯ ಹುಡುಗರೆಲ್ಲ ಹರಕೆಗೆ ಫಕೀರರಾಗಿ ಮುಂಗೈಗೆ ಲಾಡಿಯೆಂಬ ಕೆಂಪು ದಾರ ಕಟ್ಟಿಕೊಳ್ಳುವ ರೂಢಿ. ಮೂವರೂ ಬಂದರು; ಮೂವರ ಮುಂಗೈಯಲ್ಲೂ ಕೆಂಪು ಲಾಡಿ. ಹಳೆಯ ದಾರಗಳ ಸುಳಿವೇ ಇಲ್ಲ. ತಾಯಂದಿರು ಓಣಿಯ ತಿರುವು ದಾಟಿ ಹೋಗಿಯೂ ಆಗಿತ್ತು. ಗಿರಣಿಯ ಬಾಗಿಲು ಮುಚ್ಚಿದರೆ ಸಂಜೆಯ ತನಕ ತೆರೆಯುವುದಿಲ್ಲ.

ದುಂಡಮ್ಮ ಒಲೆಯ ಮುಂದೆ ಕುಂತಳು. ಕಲ್ಲಿನ ಮೇಲೆ ಆಗಲೇ ರೊಟ್ಟಿಗೆಂದು ಶೇಂಗಾದ ಚಟ್ನಿಪುಡಿ, ಹಿಂಡಿ, ಕುಟ್ಟಿಟ್ಟಿದ್ದಳು. ಹಾಲು ಕಾದಿತ್ತು. ಬದನೆಕಾಯಿ ಹೆಚ್ಚಿಯಾಗಿತ್ತು.

"ಶೇಂಗಾ ತಿನ್ನಬಾರದವ ಯಾರಪ್ಪಾ ನಿಮ್ಮಾಗ?"

"ಹುಸೇನ, ಸಣ್ಣಾಯಿ," ಅಂದ ದುಂಡು ಮೋರೆಯವ. ಹುಡುಗರಿಗೆ ಭಾಗಮ್ಮ ಆಯಿ, ಅವಳ ತಂಗಿ ಸಣ್ಣಾಯಿ.

"ಸುಳ್ಳ ಹೇಳ್ತಾನ. ಚಂದ್ರಶಾ ಅವ," ಅಂದ ಇನ್ನೊಬ್ಬ.

"ನಿನ್ನ ಹೆಸರೇನು?"

"ಚಂದ್ರಶಾ."

"ಮತ್ತ ಶೇಂಗಾ ಬಾರದವ ನೀನ ಏನು?"

"ಅಲ್ಲ, ಆ ಚಂದ್ರಶಾ ಬ್ಯಾರೆ."

ಮೂರನೆಯವನು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದ. ದುಂಡಮ್ಮ ಹಾಲು, ಹಿಂಡಿ ಎರಡನ್ನೂ ನೋಡಿದಳು. ಹಾಲು ಕುಡಿದು ಒಂದು ಕೂಸಿಗೆ ಭೇದಿ ಆದರೆ ಬೈಸಿಕೊಳ್ಳಬಹುದು. ಉಸಿರು ಕಟ್ಟಿದರೆ ಅಕ್ಕನ ಮುಂದೆ, ಆ ತಾಯಿಯ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು? ಹಿಂಡಿಯನ್ನು ಡಬ್ಬಿಗೆ ತುಂಬಿ ಮೇಲೆ ಇಟ್ಟಳು. ಆ ಕಲ್ಲು ತೊಳೆದಳು, ಕೈ ತೊಳೆದಳು, ಸಮಾಧಾನ ಆಗದೆ ಮತ್ತೆ ತೊಳೆದಳು. ಹಾಲು ಬದನೆಕಾಯಿ ಪಕ್ಕದ ಮನೆಗೆ ಹೋದವು. ಮೂವರಿಗೂ ರೊಟ್ಟಿ, ತೊಗರಿಬೇಳೆ, ಕೈಗೊಂದು ಕೆಂಪು ಬಾಳೆಹಣ್ಣು.

"ಹಿಂಡಿ ಇಲ್ಲೇನು ಸಣ್ಣಾಯಿ?" ದುಂಡು ಮೋರೆಯವನ ಕಣ್ಣು ಡಬ್ಬಿಯ ಮೇಲೇ ಇತ್ತು.

"ಫಕೀರರಿಗೆ ಹಿಂಡಿ ಯಾಕ ಬೇಕೋ?"

ಸಂಜೆ ಮಾಳಮ್ಮ ತಲೆಗೂದಲಲ್ಲಿ ಹತ್ತಿಯ ಎಳೆಗಳೊಂದಿಗೆ ಓಡೋಡಿ ಬಂದಳು. ದುಂಡು ಮೋರೆಯವನೇ ಅವಳ ಮಗ ಕಾಶಿರಾಯ.

"ಅಕ್ಕಾರ, ಶೇಂಗಾ ಕೊಟ್ಟಿಲ್ಲಲ್ರೀ?"

"ಇವನ ಏನವ್ವಾ ಅವ? ಕೊಟ್ಟಿಲ್ಲ. ದಾರ ಎಲ್ಲಿ ಹೋತು, ನನಗೇನೂ ತಿಳೀಲಿಲ್ಲ."

"ಮುಂಗೈ ಇವತ್ತು ಪೀರ ದೇವರದ್ರೀ. ಅದಕ್ಕ ಮೂರೂ ಮಂದಿ ಹುಡುಗರ ದಾರ ಉಡದಾರಕ್ಕ ಸಿಗಿಸೀವಿ. ಗಡಿಬಿಡಿಯೊಳಗ ಹೇಳೋದು ಮರೆತೇವ್ರೀ. ಅಂಗಿ ಎತ್ತಿ ನೋಡಿದ್ರ ಸಾಕಿತ್ತು."

ನಗುತ್ತ ಮಗನ ಅಂಗಿ ಎತ್ತಿದಳು. ಉಡದಾರಕ್ಕೆ ಸಿಗಿಸಿದ್ದು ಕೆಂಪಲ್ಲ, ಕರಿದಾರ.

ದುಂಡಮ್ಮ ಪಕ್ಕದಲ್ಲಿ ನಿಂತ ಹುಡುಗನ, ಹುಸೇನನ, ಅಂಗಿ ಎತ್ತಿದಳು. ಕೆಂಪು.

"ಅವಗ ಅರ್ಧ ಬಾಳೆಹಣ್ಣು ಕೊಟ್ಟು ದಾರ ಬದಲಿ ಮಾಡ್ಕೊಂಡೆ," ಅಂದ ಕಾಶಿರಾಯ ಮೆಲ್ಲಗೆ. "ನಾಳೆ ಅಂಗಿ ಎತ್ತಿ ನೋಡಿದ್ರ ಸಣ್ಣಾಯಿ ನನಗ ಹಿಂಡಿ ಹಾಕ್ತಾಳ ಅಂತ."

ಮಾಳಮ್ಮ ಮಗನ ರಟ್ಟೆ ಹಿಡಿದೆಳೆದಳು. ಅವಳಿಗೆ ಮಗನನ್ನು ಹೊಡೆಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ. ದುಂಡಮ್ಮ ಎದ್ದು ಹೋಗಿ ಡಬ್ಬಿ ತಂದು, ಅಷ್ಟರಲ್ಲಿ ಹುಸೇನನನ್ನು ಕರೆದೊಯ್ಯಲು ಬಂದ ಅವನ ತಾಯಿ ಮೆಹಬೂಬಿಯ ಕೈಗಿಟ್ಟಳು.

"ತಗೊಂಡು ಹೋಗವ್ವಾ. ಅಕ್ಕ ಬರೋ ತನಕ ಈ ಮನ್ಯಾಗ ಶೇಂಗಾ ಬ್ಯಾಡ. ಇವರಾಗ ಯಾರು ಯಾರಂತ ನನಗಿನ್ನೂ ತಿಳಿದಿಲ್ಲ."