ಸೊಂಟದ ಅಳತೆ

ಎರಡನೆಯ ಪ್ಯಾಂಟೂ ಕೈಕೊಟ್ಟಿತು. ದರ್ಜಿ ತನ್ನ ಅಂಗಡಿಯ ಪರದೆಯ ಹಿಂದೆ ಅದನ್ನು ಕಳಚಿ, ಹೊಟ್ಟೆಯ ಎಡಗಡೆ ಅಂಟಿಸಿದ್ದ ಚೀಲವನ್ನು ಮುಟ್ಟಿ ನೋಡಿದ. ಸೊಂಟಪಟ್ಟಿ ಸರಿಯಾಗಿ ಅದರ ಮೇಲೇ ಕೂತು ಒತ್ತಿ, ಚೀಲದ ಅಂಚು ಸೋರಿ ಒದ್ದೆಯಾಗಿತ್ತು. ಊರಿಗೆಲ್ಲ ಹೊಲಿದುಕೊಟ್ಟವನಿಗೆ ತನಗೊಂದು ಪ್ಯಾಂಟು ಹೊಲಿದುಕೊಳ್ಳಲು ಬಾರದೆ ಹೋಯಿತಲ್ಲ ಎಂದು ನಗು ಬಂತು. ಆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಗುದನಾಳದ ಕ್ಯಾನ್ಸರ್ ಗಡ್ಡೆ ತೆಗೆದು ಇನ್ನೂ ವರ್ಷವಾಗಿರಲಿಲ್ಲ. ಹಳೆಯ ದಾರಿ ಮುಚ್ಚಿ, ಹೊಟ್ಟೆಯಲ್ಲೊಂದು ಹೊಸ ದಾರಿ ಮಾಡಿದ್ದರು; ಮಲವೆಲ್ಲ ಅಲ್ಲಿಂದ ಈ ಚೀಲಕ್ಕೆ ಬೀಳುತ್ತಿತ್ತು. "ಗಡ್ಡೆ ಸುತ್ತ ಒಳ್ಳೇ ಭಾಗಾನೂ ಸ್ವಲ್ಪ ಸೇರಿಸಿ ಕತ್ತರಿಸಿದ್ದೀವಿ," ಎಂದಿದ್ದರು ಡಾಕ್ಟರಮ್ಮ. "ಆದ್ರೂ ಎಲ್ಲೋ ಒಂದೆಳೆ ಉಳಿದಿರಬಹುದು. ಮತ್ತೆ ಬಂದ್ರೆ ಮೊದಲಲ್ಲೇ ಹಿಡೀಬೇಕು. ತಪಾಸಣೆ ಮಾತ್ರ ತಪ್ಪಿಸ್ಬೇಡಿ." ಅಂಚು ಬಿಟ್ಟು ಕತ್ತರಿಸುವುದು ಅವನಿಗೆ ಹೊಸದೇನಲ್ಲ, ತಲೆಯಾಡಿಸಿ ಬಂದಿದ್ದ. ಆದರೆ ಕಳೆದ ಸಲ ತಪಾಸಣೆಗೆ ಹೊರಟವನು, ಬಸ್ಸಿನಲ್ಲಿ ಚೀಲ ಸೋರಿ ಪಕ್ಕದವಳು ಮೂಗು ಮುಚ್ಚಿಕೊಂಡದ್ದೇ ತಡ, ಮುಂದಿನ ನಿಲ್ದಾಣದಲ್ಲಿ ಇಳಿದು ಮನೆಗೆ ನಡೆದುಬಿಟ್ಟಿದ್ದ. ದೂರದ ಊರಿನಲ್ಲಿದ್ದ ತಂಗಿಗೆ ಫೋನಿನಲ್ಲಿ, "ಎಲ್ಲಾ ಸರಿಯಿದೆಯಂತೆ ಕಣೇ," ಎಂದು ಸುಳ್ಳು ಹೇಳಿದ್ದ. ನಾಳೆ ಮತ್ತೆ ಕರೆದಿದ್ದರು. ಈ ಸಲವೂ ತಪ್ಪಿಸಿದರೆ ಒಳಗೆ ಏನು ಬೆಳೆಯುತ್ತಿದೆಯೋ ಯಾರಿಗೂ ಗೊತ್ತಾಗುವುದಿಲ್ಲ. ಅವನಿಗೆ ಹೆದರಿಕೆಯಾಗುತ್ತಿತ್ತು.

ಪ್ಯಾಂಟು ಎಲ್ಲಿ ಎಡವಿತೆಂದು ಅವನಿಗೆ ಗೊತ್ತಿತ್ತು. ತನ್ನ ಅಳತೆ ತಾನೇ ತೆಗೆದುಕೊಳ್ಳಲು ದರ್ಜಿಗೂ ಆಗದು. ಅಂಕಿ ನೋಡಲು ಬಗ್ಗಿದರೆ ಹೊಟ್ಟೆ ಮಡಚುತ್ತದೆ, ಟೇಪು ಕೆಳಗೆ ಜಾರುತ್ತದೆ. ಕೆಲಸ ಕಲಿಯಲು ಬಂದ ಹೊಸಬರಿಗೆ ಅವನೇ ಹೇಳಿಕೊಡುತ್ತಿದ್ದ ಮೊದಲ ಪಾಠವದು. ಹೆಂಡತಿ ಇದ್ದಾಗ ಅವಳೇ ಹಿಡಿಯುತ್ತಿದ್ದಳು, "ಉಸಿರು ಬಿಡ್ರೀ, ನನ್ನ ಮುಂದೆ ಏನು ಹೊಟ್ಟೆ ಎಳ್ಕೊಳ್ಳೋದು?" ಎಂದು ಗದರುತ್ತ. ಅವಳು ಹೋದ ಮೇಲೆ, ಕೈಗವಸು ತೊಟ್ಟ ಡಾಕ್ಟರು ನರ್ಸುಗಳನ್ನು ಬಿಟ್ಟರೆ ಯಾರೂ ಅವನನ್ನು ಮುಟ್ಟಿರಲಿಲ್ಲ.

ಪಕ್ಕದ ಅಂಗಡಿಯ ಇಸ್ತ್ರಿಯವನು ಬಾಗಿಲು ಹಾಕುವ ಹೊತ್ತು. ಬಿಡುವಿಲ್ಲದೆ ಮಾತಾಡುವ ಮನುಷ್ಯ. ಆಪರೇಷನ್ ಆದಮೇಲೆ ದರ್ಜಿಯೇ ಅವನ ಜೊತೆ ಚಹಾ ಕುಡಿಯುವುದನ್ನೂ ಬಿಟ್ಟಿದ್ದ. ಈಗ ಹಳೆಯ ಪ್ಯಾಂಟನ್ನು ಗುಂಡಿ ಹಾಕದೆ ಸಡಿಲವಾಗಿ ಏರಿಸಿಕೊಂಡು, ಹೊಸ್ತಿಲಲ್ಲಿ ನಿಂತು ಅವನನ್ನು ಕರೆದ.

"ಒಂದು ಅಳತೆ ಹಿಡೀಬೇಕಿತ್ತು."

"ಯಾರ್ದು?"

"ನಂದೇ."

"ಅಬ್ಬಾ, ಮಹಾರಾಯ! ಇವತ್ತಾದ್ರೂ ಬಾಯಿ ಬಿಟ್ಯಲ್ಲ. ನಾನೇನು ತಪ್ಪು ಮಾಡಿದ್ನೋ ಅಂತ ತಲೆ ಕೆಡಿಸ್ಕೊಂಡಿದ್ದೆ," ಎನ್ನುತ್ತ ಇಸ್ತ್ರಿಯವನು ಒಳಗೆ ಬಂದ.

ದರ್ಜಿ ಅಂಗಿ ಎತ್ತಿದ. ಇಸ್ತ್ರಿಯವನು ಚೀಲ ನೋಡಿದ, ದರ್ಜಿಯ ಮುಖ ನೋಡಿದ, ಕೈನೀಡಿ ಟೇಪು ತೆಗೆದುಕೊಂಡ.

"ಇದರ ಮೇಲಿಂದ್ಲಾ, ಕೆಳಗಿಂದ್ಲಾ?"

"ಮೇಲಿಂದ. ಬಿಗಿ ಬೇಡ. ಬೆಳಗ್ಗೆ ಹಾಕ್ಕೊಂಡು ಆಸ್ಪತ್ರೆಗೆ ಹೋಗ್ಬೇಕು."

"ಹಾಗಾದ್ರೆ ಹೊಲ್ದು ಕೊಡು, ಇಸ್ತ್ರಿ ಹಾಕ್ಕೊಡ್ತೀನಿ. ಪೆಟ್ಟಿಗೆ ಆರಿಸಲ್ಲ, ಕಾಯ್ತೀನಿ."

ದಿನವಿಡೀ ಇಸ್ತ್ರಿಪೆಟ್ಟಿಗೆ ಹಿಡಿದ ಆ ಬೆರಳುಗಳು ಬೆಚ್ಚಗಿದ್ದವು. ಬೆನ್ನ ಹಿಂದಿನಿಂದ ಟೇಪು ತಂದು, ಚೀಲಕ್ಕೆ ತಾಗದಂತೆ ಮೇಲೆ ಸೇರಿಸಿ, ಅವನು ಅಳತೆ ಹೇಳಿದ. ದರ್ಜಿ ನೆಟ್ಟಗೆ ನಿಂತು ಎದುರಿನ ಗೋಡೆ ನೋಡುತ್ತಿದ್ದ. ಹೇಳಿದ್ದು ಸ್ಪಷ್ಟವಾಗಿಯೇ ಕೇಳಿಸಿತ್ತು.

"ಇನ್ನೊಂದ್ಸಲ ಹಿಡಿ," ಎಂದ.