ಬಣ್ಣ ಹಿಡಿಯದ ಜಾಗ

ಮುಟ್ಟು ನಿಂತು ಎಷ್ಟೋ ವರ್ಷಗಳಾದ ಮೇಲೆ ಮತ್ತೆ ರಕ್ತ ಕಂಡಿದ್ದನ್ನು ಚಿಕ್ಕಮ್ಮ ಯಾರಿಗೂ ಹೇಳಿರಲಿಲ್ಲ. ಹೊಲಿಗೆ ಯಂತ್ರ ತುಳಿಯುತ್ತ, ಅಕ್ಕನ ಮಗಳೊಡನೆ ಮಾತಿಗೆ ಮಾತು ಬೆಳೆದಾಗ ಬಾಯಿ ತಪ್ಪಿ ಹೇಳಿಬಿಟ್ಟಳು. ಅಷ್ಟೇ ಸಾಕಾಯಿತು. ಕೇಳಿದವಳು ಆಸ್ಪತ್ರೆಯ ಲ್ಯಾಬಿನವಳು. ಮರುದಿನವೇ ಕೈಹಿಡಿದು ಎಳೆದುಕೊಂಡು ಬಂದಳು. ಬಣ್ಣ ಹಾಕಿ ಪರೀಕ್ಷಿಸಲು ಗರ್ಭಕೋಶದ ಒಳಪದರದಿಂದ ಒಂದು ಚೂರು ತೆಗೆದರು.

"ಆ ಚೂರಿಗೆ ಬಣ್ಣ ನೀನೇ ಹಾಕ್ಬೇಕು. ಫ್ರಾಕು ಹೊಲಿದು ಹೊಲಿದು ಸಾಕಿದ್ದೀನಿ, ಅಷ್ಟೂ ಮಾಡಕ್ಕಾಗಲ್ವಾ?" ಎಂದಳು ಚಿಕ್ಕಮ್ಮ.

"ಆ ಫ್ರಾಕು ಯಾವಾಗ್ಲೂ ಒಂದು ಕಡೆ ಉದ್ದ."

"ಫ್ರಾಕು ಸರಿಯಾಗೇ ಇತ್ತು ಕಣೇ. ನೀನೇ ಸೊಟ್ಟ ನಿಂತ್ಕೋತಿದ್ದೆ."

ಮೇಣದಲ್ಲಿ ಕೂರಿಸಿದ ಆ ಚೂರನ್ನು ಅಕ್ಕನ ಮಗಳು ಈರುಳ್ಳಿ ಪೊರೆಗಿಂತ ತೆಳ್ಳಗೆ ಸೀಳಿ ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟಳು. ಸುಕ್ಕೆಲ್ಲ ಬಿಟ್ಟು ಅದು ಮೆಲ್ಲಗೆ ಹರಡಿಕೊಂಡಿತು. ಗಾಜಿನ ಮೇಲೆ ಎತ್ತಿಕೊಂಡು ಆಂಟಿಬಾಡಿಯ ಹನಿ ಬಿಟ್ಟಳು. ಜೀವಕೋಶ ಎಗ್ಗಿಲ್ಲದೆ ಬೆಳೆಯದಂತೆ ತಡೆಯುವ ಒಂದು ಪ್ರೋಟೀನು ಇದೆ. ಅದನ್ನು ಹುಡುಕಿ ಅಂಟಿಕೊಳ್ಳುವುದೇ ಈ ಆಂಟಿಬಾಡಿಯ ಕೆಲಸ. ಪ್ರೋಟೀನು ಇದ್ದಲ್ಲಿ ಕಂದು ಬಣ್ಣ ಏಳುತ್ತದೆ, ಕಳೆದುಹೋದಲ್ಲಿ ಏಳುವುದಿಲ್ಲ.

ಮೈಕ್ರೋಸ್ಕೋಪಿಗೆ ಕಣ್ಣಿಟ್ಟೊಡನೆ ಸುತ್ತಲಿನ ಕೋಣೆ ಕರಗಿಹೋಯಿತು. ಕೆಳಗೆ ಹೊತ್ತು ಮುಳುಗುವ ಒಂದು ಊರು. ಕಂದು ಗೋಡೆಯ ದುಂಡು ಮನೆಗಳಂತೆ ಗ್ರಂಥಿಗಳು, ನಡುವೆ ಸಣ್ಣ ಸಣ್ಣ ಓಣಿಗಳು. ಅವಳು ಸದ್ದಿಲ್ಲದೆ ಓಣಿ ಓಣಿ ಅಲೆದಳು. ಈ ಊರಲ್ಲೆಲ್ಲೋ ಚಿಕ್ಕಮ್ಮ ಇದ್ದಾಳೆ ಅನ್ನಿಸಿತು. ಅಲ್ಲ, ಊರಿಗೆ ಊರೇ ಚಿಕ್ಕಮ್ಮ. ಒಂದು ತಿರುವಿನಲ್ಲಿ ಕಣ್ಣು ನಿಂತಿತು. ಅಲ್ಲಿ ಕೆಲವು ಮನೆಗಳು ಬಿಳಿಚಿಕೊಂಡಿದ್ದವು.

ಗುಳ್ಳೆ ಇರಬೇಕು ಅಂದುಕೊಂಡಳು. ಹನಿಯ ಕೆಳಗೆ ಗಾಳಿಗುಳ್ಳೆ ಸಿಕ್ಕಿದರೆ ಅಷ್ಟು ಜಾಗಕ್ಕೆ ಬಣ್ಣ ಹಿಡಿಯುವುದಿಲ್ಲ. ಅಂಥ ಗಾಜನ್ನು ಬದಿಗಿಟ್ಟು ಹೊಸದಾಗಿ ಮಾಡುವುದು ಲ್ಯಾಬಿನ ರೂಢಿ. ಇನ್ನೊಂದು ಸೀಳು ತೆಗೆದಳು. ತನ್ನ ಕೈ ಕೆಟ್ಟ ಕೈಯಾಗಿರಲಿ ಎಂದು ಅವಳು ಬೇಡಿಕೊಂಡಿದ್ದು ಅದೇ ಮೊದಲು.

ಎರಡನೆಯ ಗಾಜಿನಲ್ಲೂ ಅದೇ ತಿರುವು, ಅವೇ ಬಿಳಿಚಿದ ಮನೆಗಳು. ಆದರೆ ಅವುಗಳ ಸುತ್ತಲಿನ ಓಣಿ ಮಾತ್ರ ಚೆನ್ನಾಗಿ ಕಂದಾಗಿತ್ತು. ಹನಿ ಅಲ್ಲಿಯವರೆಗೂ ತಲುಪಿತ್ತು. ಮೊದಲ ಗಾಜನ್ನು ತಂದು ನೋಡಿದಳು. ಅದರಲ್ಲೂ ಓಣಿ ಹಾಗೆಯೇ ಇತ್ತು. ಗುಳ್ಳೆ ಇದ್ದಿದ್ದು ಗಾಜಿನಲ್ಲಲ್ಲ, ತನ್ನ ಕಣ್ಣಿನಲ್ಲಿ.

ಮೂರನೆಯ ಸೀಳಿಗೆ ಕೈ ತಾನಾಗಿ ಹೋಯಿತು. ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಆಮೇಲೆ ಎರಡೂ ಗಾಜು ಎತ್ತಿಕೊಂಡು ಡಾಕ್ಟರ ಕೋಣೆಗೆ ನಡೆದಳು.

"ಎರಡ್ಯಾಕೆ?" ಡಾಕ್ಟರು ಕೇಳಿದರು.

"ಗುಳ್ಳೆ ಅಂದ್ಕೊಂಡೆ ಮೇಡಂ."

"ಗುಳ್ಳೆಗೇನು ಕಣ್ಣಿದ್ಯಾ, ಗ್ರಂಥಿನೇ ಹುಡುಕ್ಕೊಂಡು ಹೋಗಿ ಕೂರೋಕೆ?" ಎಂದರು ಡಾಕ್ಟರು, ಮೈಕ್ರೋಸ್ಕೋಪಿನಲ್ಲಿ ಇಣುಕಿ.

"ನಮ್ಮ ಚಿಕ್ಕಮ್ಮಂದು."

ಡಾಕ್ಟರು ಎರಡೂ ಗಾಜನ್ನು ಮತ್ತೆ ಬಹಳ ಹೊತ್ತು ನೋಡಿದರು. "ಬಣ್ಣ ಒಂದನ್ನೇ ನೋಡಿ ಹೇಳಕ್ಕಾಗಲ್ಲ. ಆದ್ರೆ ಇಲ್ಲಿ ಗ್ರಂಥಿಗಳೂ ಒಂದರ ಮೇಲೊಂದು ಬಿದ್ದಿವೆ. ಈ ಚೂರಲ್ಲಿ ಕ್ಯಾನ್ಸರ್ ಕಾಣ್ತಿಲ್ಲ, ಅದರ ಹಿಂದಿನ ಹೆಜ್ಜೆ ಇದು. ಗರ್ಭಕೋಶ ತೆಗೆಸಿಬಿಡಿ, ತಡ ಮಾಡ್ಬೇಡಿ. ಬೇಗ ಸಿಕ್ಕಿದೆ."

ಚಿಕ್ಕಮ್ಮ ಹೊರಗಿನ ಬೆಂಚಿನ ಮೇಲೆ ಬಿಸಿಲಿಗೆ ಕಣ್ಣು ಮುಚ್ಚಿ ಕೂತಿದ್ದಳು. ಅವಳು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು, ಏನನ್ನೂ ಮುಚ್ಚಿಡಲಿಲ್ಲ.

"ಒಪ್ಪಿಕೊಂಡ ಬಟ್ಟೆ ರಾಶಿ ಬಿದ್ದಿದೆ," ಎಂದಳು ಚಿಕ್ಕಮ್ಮ, ಕಣ್ಣು ತೆರೆಯದೆ.

"ಬಟ್ಟೆ ಕಾಯುತ್ತೆ."

"ಬಟ್ಟೆ ಕಾಯುತ್ತೆ, ಗಿರಾಕಿಗಳು ಕಾಯ್ತಾರಾ? ಬಟ್ಟೆ ಕೊಟ್ಟಿಲ್ಲ ಅಂತ ಊರೆಲ್ಲ ಹೇಳ್ಕೊಂಡು ಬರ್ತಾರೆ." ಆಮೇಲೆ, ದನಿ ತಗ್ಗಿಸಿ, "ಆ ಬಣ್ಣ ಹಿಡೀದ ಜಾಗ ಮೊದ್ಲು ಕಂಡಾಗ ನಿಂಗೆ ಹೆದ್ರಿಕೆ ಆಯ್ತೇನೇ?"

"ಆಯ್ತು. ಅದಕ್ಕೇ ಇನ್ನೊಂದ್ಸಲ ಮಾಡ್ದೆ."

ಚಿಕ್ಕಮ್ಮ ಮೆಲ್ಲಗೆ ವಾಲಿ ಅವಳ ಭುಜಕ್ಕೆ ತಲೆಯಿಟ್ಟಳು. ಬಿಸಿಲು ಬೆಂಚು ದಾಟಿ ಗೋಡೆ ಹತ್ತುವವರೆಗೂ ಇಬ್ಬರೂ ಹಾಗೆಯೇ ಕೂತಿದ್ದರು.