ಅಣ್ಣ ಕುಡಿದ ಕಾಫಿ

ಅಮೆರಿಕದವರ ಡ್ರೋನ್ ನಮ್ಮ ಧಾರಿಯನ್ನು ಅವನ ಲಾರಿಯ ಸಮೇತ ಸುಟ್ಟು ಕೊಂದ ದಿನವೇ ರೇಡಿಯೊ ಅವನನ್ನು ಉಗ್ರನೆಂದು ಸಾರಿತು. ಲಾರಿಯಲ್ಲಿದ್ದದ್ದು ಕುರಿಗಳಿಗೆಂದು ಒಯ್ಯುತ್ತಿದ್ದ ಬಾರ್ಲಿ. ಬಾರ್ಲಿಗೂ ಬಾಂಬಿಗೂ ವ್ಯತ್ಯಾಸ ತಿಳಿಯದವರು ಆಕಾಶದಲ್ಲಿ ಕೂತು ನ್ಯಾಯ ಹೇಳುತ್ತಾರೆ! ಅಂದಿನಿಂದ ಅವನ ಹೆಂಡತಿ ಮಕ್ಕಳನ್ನು ದಾರಿಯ ತಪಾಸಣೆಯಲ್ಲಿ ಇಳಿಸಿ ಬಿಸಿಲಲ್ಲಿ ನಿಲ್ಲಿಸುತ್ತಾರೆ. ನೆಂಟರೂ ನಮ್ಮ ಹೊಸಿಲು ತುಳಿಯುವುದಿಲ್ಲ. ಧಾರಿಯ ತಂದೆ, ಅಂದರೆ ನನ್ನ ಅಣ್ಣ ಮುತ್ಲಕ್, ಪರಿಹಾರ ಬೇಡವೆಂದ. ಮಗ ಉಗ್ರನಲ್ಲವೆಂದು ಅದೇ ರೇಡಿಯೊದಲ್ಲಿ ಅಮೆರಿಕದವರೇ ಹೇಳಬೇಕು, ಅಷ್ಟೇ.

ಅಲೆದಲೆದು ಸಾಕಾದ ಮೇಲೆ ಅವರ ದೂತಾವಾಸದ ಅಧಿಕಾರಿಯೊಬ್ಬ ಭೇಟಿಗೆ ಒಪ್ಪಿದ. ಹೆಸರು ಕೆಂಡಲ್. ಪಕ್ಕದಲ್ಲಿ ದುಭಾಷಿ ನಾದೀನ್. ಅಣ್ಣ ತನ್ನ ಕೇಳಿಕೆ ಹೇಳಿ ಮುಗಿಸಿದ. ಕಾಫಿ ಬಂತು, ಅವನು ಮುಟ್ಟಲಿಲ್ಲ. ನಮ್ಮಲ್ಲಿ ಕೇಳಲು ಹೋದವನು ಕಾಫಿಯನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂರುತ್ತಾನೆ. ಮನೆಯ ಯಜಮಾನ ಬಟ್ಟಲೆತ್ತಿ ಕೈಗೆ ಕೊಟ್ಟರೆ ಕೇಳಿದ್ದು ಕೊಟ್ಟಂತೆ. ಅದಕ್ಕೆ ಮೊದಲೇ ಕುಡಿದವನು ಕೇಳಿಕೆಯನ್ನು ಕೈಬಿಟ್ಟಂತೆ.

ಕೆಂಡಲ್ ಭಯೋತ್ಪಾದನೆ, ಸ್ನೇಹ, ಇಬ್ಬರಿಗೂ ಒಬ್ಬನೇ ಶತ್ರು ಎಂದು ಬಹಳ ಹೊತ್ತು ಮಾತಾಡಿದ. ಅದನ್ನೆಲ್ಲ ಅನುವಾದಿಸಿ ನಾದೀನಳ ಗಂಟಲು ಒಣಗಿತು. ಕಾಫಿ ಆರಿದ್ದು ಕಂಡು ಕೆಂಡಲ್ ಇನ್ನೊಂದು ಬಿಸಿ ಬಟ್ಟಲು ತರಿಸಿದ. ಅದನ್ನೂ ಅಣ್ಣ ಮುಟ್ಟದಿದ್ದಾಗ ತಾನೇ ಎದ್ದು ಬಂದು, ಬಟ್ಟಲೆತ್ತಿ, ನಗುತ್ತ ಅವನ ಕೈಗಿಟ್ಟ.

ಅಣ್ಣನ ಕಣ್ಣು ತುಂಬಿತು. ಒಂದೇ ಗುಟುಕಿಗೆ ಕುಡಿದು ಅವನ ಭುಜಕ್ಕೆ ಮುತ್ತಿಟ್ಟ.

"ದೇವ್ರು ನಿನ್ನ ಮನೆ ತಣ್ಣಗಿಡ್ಲಿ ಕಣಪ್ಪ! ರೇಡಿಯೊದಲ್ಲಿ ಯಾವತ್ತು ಹೇಳ್ತೀರಿ?"

ನಾದೀನ್ ಅದನ್ನು ಇಂಗ್ಲಿಷಿನಲ್ಲಿ ಕೇಳಿದಳು. ಕೆಂಡಲ್ ಗಲಿಬಿಲಿಗೊಂಡು ಏನೋ ಹೇಳಿದ. ಅವಳು ತಲೆ ಎತ್ತದೆ ಅಣ್ಣನಿಗೆ ತಿಳಿಸಿದಳು.

"ಹಾಜಿ, ಅದೆಲ್ಲ ಹೇಳೋ ಹಾಗಿಲ್ವಂತೆ. ಕಾಫಿ ಆರಿಹೋಗುತ್ತೆ ಅಂತ ಕೊಟ್ರಂತೆ. ಅವ್ರಿಗೆ ನಮ್ಮ ರೀತಿ ಗೊತ್ತಿಲ್ಲ."

ಅಣ್ಣ ಖಾಲಿ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟ.

ಗೇಟಿನಾಚೆ ಕಾಂಕ್ರೀಟ್ ಗೋಡೆಯ ಹತ್ತಿರ ಅವನು ಥಟ್ಟನೆ ನಿಂತ.

"ಬಿಡಣ್ಣ, ಆ ಪೆದ್ದನಿಗೇನು ಗೊತ್ತು!" ಎಂದೆ.

"ನಂಗೆ ಗೊತ್ತಲ್ಲೋ. ಮಗನ ಹೆಸರನ್ನ ಕುಡಿದುಬಿಟ್ನಲ್ಲೋ ನಾನು."

ಎರಡು ಬೆರಳು ಗಂಟಲಿಗೆ ಹಾಕಿಕೊಂಡ. ಕಪ್ಪು ನೀರೆಲ್ಲ ಗೋಡೆಯ ಬುಡಕ್ಕೆ ಬಂತು. ಮೀಸೆ ಒರೆಸಿಕೊಂಡು ಅವನು ಗೇಟಿಗೆ ಮರಳಿದ. ಕಾವಲಿನವನು ಬಂದೂಕೆತ್ತಿದರೂ ಹೆಜ್ಜೆ ತಡೆಯಲಿಲ್ಲ.

"ಒಳಗೆ ಹೋಗಿ ಹೇಳಪ್ಪ," ಎಂದ, "ಮುತ್ಲಕ್ ಇನ್ನೂ ಕಾಫಿ ಕುಡಿದಿಲ್ಲ ಅಂತ."